ಕೈ ಎಲ್ಲಿದೆ?

"ಬುದ್ಧಿ, ಕೆಲಸ ಕಲಿತವನಿಗೂ ಕಲಿಯದವನಿಗೂ ಒಂದೇ ನಿಯಮವೆ?" ಎಂದು ಅಡವೀಶ ಗುರುಗಳನ್ನು ಕೇಳಿದ.

ಕೇಳಿದ್ದು ಮಠದ ಅಡುಗೆಮನೆಯ ಹಿಂದಿನ ಅಂಗಳದಲ್ಲಿ, ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಸಂಜೆ ಬರುವ ಭಕ್ತರಿಗೆಂದು ಇಳಿಸಿದ ಎಳನೀರಿನ ಗೊನೆಗಳು ಗೋಡೆಗೆ ಒರಗಿದ್ದವು. ಅಡವೀಶ ಎಡ ಅಂಗೈಯ ಮೇಲೆ ಒಂದೊಂದೇ ಕಾಯಿ ಇಟ್ಟುಕೊಂಡು ಬಲಗೈಯಲ್ಲಿ ಮಚ್ಚು ಬೀಸುತ್ತಿದ್ದ. ಅವನು ಕುಳಿತದ್ದು ಒಂದು ಹಳೆಯ ಹುಣಸೆ ಕೊರಡಿನ ಮೇಲೆ. ಕೊರಡಿನ ನೆತ್ತಿಯಲ್ಲಿ ಬೋಗುಣಿಯಷ್ಟು ಗುಳಿ ಇತ್ತು. ಕೂರಲು ಒತ್ತುತ್ತದೆಂದು ಅದರ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡಿದ್ದ. ಕಾಯಿಯನ್ನು ಆ ಗುಳಿಯಲ್ಲಿ ಇಟ್ಟು ಕೆತ್ತು, ಕೈಮೇಲೆ ಇಟ್ಟು ಕೆತ್ತಬೇಡ ಎಂದು ಅಡುಗೆಯ ಹಿರಿಯರು ಬೆಳಿಗ್ಗೆ ಎಲ್ಲರೆದುರು ಗದರಿದ್ದರು. ಆ ಮಾತು ಅವನಿಗೆ ಇನ್ನೂ ಚುಚ್ಚುತ್ತಿತ್ತು.

"ಎರಡು ವರ್ಷದಿಂದ ಕೆತ್ತುತ್ತಿದ್ದೇನೆ. ಮೈಮೇಲೆ ಒಂದು ಗೀರೂ ಇಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಕೆಲಸ ಬಲ್ಲವನಿಗೆ ಭಯ ಯಾಕೆ, ಬುದ್ಧಿ?"

ಜಗಲಿಯ ಮೇಲೆ ಕುಳಿತಿದ್ದ ಗುರುಗಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ಆ ಮಚ್ಚು ಕೆಳಗಿಡಪ್ಪ, ಜಾಣ. ಒಂದು ಕತೆ ಹೇಳ್ತೀನಿ. ಮುಗಿಯೋವರೆಗೂ ನಡುವೆ ಬಾಯಿ ಹಾಕಬೇಡ."

ಅಡವೀಶ ಮಚ್ಚು ಕೆಳಗಿಟ್ಟ. ಗುರುಗಳು ಹೇಳತೊಡಗಿದರು.

ಕೆರೆಯ ಕೆಳಗೆ ತೆಂಗಿನ ತೋಟವಿದ್ದ ಒಂದು ಮನೆ. ಆ ಮನೆಗೆ ದೂರದ ಜೋಳದ ಸೀಮೆಯಿಂದ ಒಬ್ಬ ಸೊಸೆ ಬಂದಳು. ಅವಳ ಊರಿನಲ್ಲಿ ಇದ್ದದ್ದು ಒಂದೇ ಒಂದು ತೆಂಗಿನ ಮರ. ಎಳನೀರನ್ನು ಅವಳು ಕಂಡಿದ್ದು ಕಾಯಿಲೆ ಬಿದ್ದವರ ಮಂಚದ ಪಕ್ಕದಲ್ಲಿ ಮಾತ್ರ. ಆದರೆ ರೊಟ್ಟಿ ತಟ್ಟಲು ಕೂತಳೆಂದರೆ ಅವಳನ್ನು ಮೀರಿಸುವವರಿರಲಿಲ್ಲ. ಎರಡು ಅಂಗೈ ಸೇರಿ ತಟ್ಟುವ ಆ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು. ಅದನ್ನು ಕೇಳಿಯೇ ಗಂಡ ತೋಟದಿಂದ ಊಟಕ್ಕೆ ಏಳುತ್ತಿದ್ದ. ತನ್ನ ಕೈಗಳ ಬಗ್ಗೆ ಅವಳಿಗೆ ಸ್ವಲ್ಪ ಜಂಬವಿತ್ತು. ತಪ್ಪೇನು? ತವರಿನಿಂದ ಅವಳು ತಂದ ಆಸ್ತಿ ಅದೊಂದೇ.

ಬಂದ ಮೂರನೆಯ ದಿನ ಅತ್ತೆ ಅವಳನ್ನು ಹಿತ್ತಿಲಿಗೆ ಕರೆದಳು. ಮನೆಯಲ್ಲಿ ಇದ್ದವರು ಅವರಿಬ್ಬರೇ.

"ಈ ಮನೆಗೆ ಬಂದ ಮೇಲೆ ಎಳನೀರು ಕೆತ್ತೋದು ಕಲೀಲೇಬೇಕು. ಬಂದವರಿಗೆ ನಾವು ಮೊದಲು ಕೊಡೋದೇ ಅದು. ನೋಡಿಕೋ," ಎಂದಳು.

ಅತ್ತೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಳೆಯದು ತುಂಬಿಕೊಂಡಿರುತ್ತದೆ, ಸದ್ದು ಮಾಡುವುದಿಲ್ಲ. ಗುಳುಗುಳು ಎಂದರೆ ಬಲಿತಿದೆ ಎಂದು ಅರ್ಥ. ಬಲಿತ ಕಾಯಿಯ ಮೇಲೆ ಮಚ್ಚು ಜಾರುತ್ತದೆ, ಆದ್ದರಿಂದ ಎಷ್ಟೇ ಅವಸರವಿದ್ದರೂ ಅದನ್ನು ಪಕ್ಕಕ್ಕೆ ಇಡಬೇಕು. ಆಮೇಲೆ ಅವಳು ಒಂದು ಹುಣಸೆ ಕೊರಡನ್ನು ಎಳೆದಳು. ಅದರ ನೆತ್ತಿಯಲ್ಲಿ ಬಡಗಿಯಿಂದ ತೋಡಿಸಿದ ಗುಳಿ, ಗುಳಿಯೊಳಗೆ ಒದ್ದೆ ಬಟ್ಟೆಯ ಸಿಂಬಿ. ಕೊಡ ಹೊರುವಾಗ ತಲೆಗೆ ಇಡುತ್ತಾರಲ್ಲ, ಅಂಥದ್ದು. ಸಿಂಬಿಯ ಮೇಲೆ ಕಾಯಿಯನ್ನು ತೊಟ್ಟು ಮೇಲೆ ಮಾಡಿ ಕೂರಿಸಿದಳು. ಯಾರೂ ಹಿಡಿಯದೆಯೇ ಅದು ಅಲುಗದೆ ಕೂತಿತು. ಮಚ್ಚಿನ ಅಂಚನ್ನು ನೋಡಿದಳು. ಮೊಂಡು ಮಚ್ಚು ಕಡಿಯುವುದಿಲ್ಲ, ಅದೂ ಜಾರುತ್ತದೆ. ಕೊನೆಗೆ ಎಡಗೈಯನ್ನು ಬೆನ್ನ ಹಿಂದಕ್ಕೆ ಒಯ್ದು ಸೀರೆಯ ಸೊಂಟದೊಳಗೆ ಸಿಕ್ಕಿಸಿಕೊಂಡಳು.

ಮಚ್ಚು ಎತ್ತುವ ಮೊದಲು ಅವಳು ಯಾರನ್ನೋ ಕೇಳುವ ಹಾಗೆ, "ಕೈ ಎಲ್ಲಿದೆ?" ಎಂದಳು.

"ಬೆನ್ನ ಹಿಂದಿದೆ, ಅಕ್ಕ," ಎಂದು ಒಳಗಿನ ಕೋಣೆಯಿಂದ ಒಬ್ಬ ಹೆಂಗಸು ಹೇಳಿದಳು.

ಅತ್ತೆ ತಲೆಯಾಡಿಸಿ, ಸೊಸೆಯ ಕಡೆ ತಿರುಗಿ, "ನಿಂದು?" ಎಂದಳು. ಸೊಸೆ ತನ್ನ ಎಡಗೈಯನ್ನು ಹಿಂದಕ್ಕೆ ಒಯ್ದು, "ನಂದೂ ಹಿಂದಿದೆ," ಎಂದಳು. ಆಮೇಲೆಯೇ ಮಚ್ಚು ಮೇಲೆದ್ದಿತು. ಒಂದೇ ಏಟಿಗೆ ಕಡಿಯಲಿಲ್ಲ. ಸುತ್ತಲೂ ತೆಳ್ಳಗೆ ಸಿಪ್ಪೆ ಎಬ್ಬಿಸಿದಳು, ಒಂದೊಂದು ಏಟೂ ಮೈಯಿಂದ ಆಚೆಗೆ. ಒಳಗಿನ ಬಿಳಿ ಕಂಡ ಕೂಡಲೇ ಮಚ್ಚನ್ನು ಮಾರುದೂರ ಇಟ್ಟು, ಗೋಣಿಚೀಲ ಹೊಲಿಯುವ ದಬ್ಬಣ ತೆಗೆದುಕೊಂಡಳು. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ. ಅದಕ್ಕೆ ಚುಚ್ಚಿದಳು. ನೀರು ಚಿಮ್ಮಿತು.

ಸೊಸೆ ಲೋಟ ತರುವ ನೆಪದಲ್ಲಿ ಒಳಗೆ ಹೋದಳು. ಬಂದು ಮೂರು ದಿನವಾದರೂ ತನಗೆ ಕಾಣಿಸದ ಆ ಹೆಂಗಸು ಯಾರೆಂದು ನೋಡುವ ಆಸೆ. ಒಳಗಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದು ನೋಡಿದಳು. ಬೇಳೆಯ ಮಡಕೆಗಳು, ಒಂದು ಹಳೆಯ ಒರಳು. ಮನುಷ್ಯರಿರಲಿಲ್ಲ. ಕಿಟಕಿಯೂ ಇರಲಿಲ್ಲ.

ಅವಳು ಲೋಟ ಹಿಡಿದು ಹೊರಗೆ ಬಂದಳು. "ಅತ್ತೆ, ಒಳಗೆ ಯಾರು?"

"ನಿನ್ನ ಚಿಕ್ಕತ್ತೆ."

"ಎಲ್ಲಿದ್ದಾರೆ?"

"ಕೈ ಎಲ್ಲಿದೆ ಅಂತ ಕೇಳಿದಾಗ ಇರ್ತಾಳೆ. ಬೇರೆ ಹೊತ್ತು ಇರೋಲ್ಲ," ಎಂದು ಅತ್ತೆ ಲೋಟಕ್ಕೆ ನೀರು ಬಗ್ಗಿಸಿದಳು. "ಕುಡಿ. ಹೆದರಬೇಡ. ಅವಳು ಯಾರಿಗೂ ಕೇಡು ಮಾಡಿದವಳಲ್ಲ."

ಆ ಚಿಕ್ಕತ್ತೆ ಯಾರೆಂದರೆ, ಅತ್ತೆಯ ಮೈದುನನ ಹೆಂಡತಿ. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುವ ಜನ ನಾವು. ಇವರಿಬ್ಬರು ಹಾಗಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು. ಎಳನೀರು ಕೆತ್ತುವಾಗ ಕಿರಿಯವಳು ಎಡಗೈಯಲ್ಲಿ ಕಾಯಿ ಹಿಡಿಯುವಳು, ಹಿರಿಯವಳು ಮಚ್ಚು ಬೀಸುವಳು. ಒಂದು ಸಲ ಮನೆ ತುಂಬ ಬೀಗರು ಬಂದಿದ್ದರು. ಬೀಗಿತ್ತಿಯ ನಡಿಗೆಯನ್ನು ಆಡಿಕೊಂಡು ಇಬ್ಬರೂ ನಗುತ್ತಿದ್ದರು. ಒಂದು ಬಲಿತ ಕಾಯಿ ನಡುವೆ ಸೇರಿಕೊಂಡಿತ್ತು. ಮಚ್ಚು ಜಾರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಿರಿಯವಳ ಎಡಗೈ ಮಣಿಕಟ್ಟಿನವರೆಗೂ ಹೋಯಿತು. ಗಾಯ ಕೊಳೆತು ಒಂಬತ್ತನೆಯ ದಿನ ಅವಳೂ ಹೋದಳು.

ಹೋಗುವ ಮುಂಚೆ ಅವಳು ಹಿರಿಯವಳನ್ನು ಹತ್ತಿರ ಕರೆದು ಹೇಳಿದ್ದು ಇಷ್ಟು: "ತಪ್ಪು ನಿಂದೊಬ್ಬಳದೇ ಅಲ್ಲ, ಅಕ್ಕ. ಕೈ ಎಲ್ಲಿದೆ ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ಮೇಲೆ ಕೆತ್ತೋ ಮೊದಲು ಕೇಳು. ನಾನು ಹೇಳ್ತೀನಿ."

ತಿಥಿ ಮುಗಿದ ಮೇಲೆ ಹಿರಿಯವಳು ಬಡಗಿಯನ್ನು ಕರೆಸಿ ಕೊರಡು ತೋಡಿಸಿದಳು, ಇನ್ನು ಈ ಮನೆಯಲ್ಲಿ ಯಾರೂ ಕಾಯಿ ಹಿಡಿಯಬಾರದೆಂದು. ಮೊದಲ ಕಾಯಿ ಇಟ್ಟು, ಅಳುತ್ತ, ಸತ್ತವಳ ಮಾತು ಉಳಿಸಲೆಂದು ಸುಮ್ಮನೆ ಕೇಳಿದಳು. ಉತ್ತರ ಬಂತು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ.

"ಅವಳು ಹೇಳ್ತಾಳೆ ಅಂತ ನೀನು ಸುಮ್ಮನಿರಬೇಡ. ನೀನೂ ಬಾಯಿಬಿಟ್ಟು ಹೇಳಬೇಕು," ಎಂದಳು ಅತ್ತೆ. "ನೀನು ಹೇಳೋವರೆಗೂ ಈ ಮನೇಲಿ ಮಚ್ಚು ಏಳಬಾರದು."

ಸೊಸೆ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ತವರಿಗೆ ಓಡಿಹೋಗಲೇ ಎಂದು ಯೋಚಿಸಿದಳು. ಆದರೆ ಗಂಡ ಒಳ್ಳೆಯವನು, ಅತ್ತೆ ಬಾಯಿಜೋರಿನವಳಲ್ಲ. ಉಳಿದಳು. ದಿನ ಕಳೆಯಿತು. ಅವಳೇ ಕೆತ್ತತೊಡಗಿದಳು. ಕಾಯಿಯನ್ನು ಕಿವಿಗೆ ಹಿಡಿಯುವಳು, ಕೊರಡಿನಲ್ಲಿ ಕೂರಿಸುವಳು, ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸುವಳು, "ಕೈ ಎಲ್ಲಿದೆ?" ಎಂದು ಕೇಳುವಳು. ಒಳಗಿನ ಕೋಣೆಯಿಂದ, "ಬೆನ್ನ ಹಿಂದಿದೆ, ಅಕ್ಕ." ಆಗ ಅವಳ ಬೆನ್ನು ಜುಮ್ಮೆನ್ನುತ್ತಿತ್ತು. ತನ್ನ ಕೈಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು, "ನಂದೂ ಹಿಂದಿದೆ," ಎನ್ನುತ್ತಿದ್ದಳು. ಆ ಹೆದರಿಕೆ ಇದ್ದಷ್ಟು ದಿನ ಅವಳ ಕೈ ಕ್ಷೇಮವಾಗಿತ್ತು.

ಹೆದರಿಕೆ ಹಳೆಯದಾದರೆ ಸಾಕಿದ ಬೆಕ್ಕಿನ ಹಾಗೆ. ಕಾಲಿಗೆ ಅಡ್ಡ ಬಂದರೂ ಯಾರೂ ತಿರುಗಿ ನೋಡುವುದಿಲ್ಲ. ಎರಡು ವರ್ಷ ಕಳೆಯಿತು. ಹೌದು, ನಿನ್ನ ಹಾಗೆಯೇ, ಎರಡು ವರ್ಷ. ಅವಳು ಉತ್ತರ ಹೇಳುವುದು ಮೊದಲು ತಡವಾಯಿತು. ಆಮೇಲೆ ಬಾಯೊಳಗೇ ಗೊಣಗಿದಳು. ಆಮೇಲೆ ತಲೆಯಾಡಿಸಿದಳು. ಒಂದು ದಿನ ಅದನ್ನೂ ಬಿಟ್ಟಳು. ಒಬ್ಬರು ಹೇಳಿದರಲ್ಲ, ಸಾಕು ಎನಿಸಿತು. ಚಿಕ್ಕತ್ತೆಯ ಉತ್ತರ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಇನ್ನೊಂದು ಸಂಗತಿ ಇತ್ತು. ಅದನ್ನು ಅವಳು ಗಮನಿಸಿದಳು, ಆದರೆ ಅತ್ತೆಗೆ ಹೇಳಲಿಲ್ಲ. ಇವಳ ಮಾತು ಕಡಿಮೆಯಾದಷ್ಟೂ ಆ ಧ್ವನಿ ಹತ್ತಿರ ಬರುತ್ತಿತ್ತು. ಇವಳು ಗೊಣಗುತ್ತಿದ್ದ ದಿನಗಳಲ್ಲಿ ಅದು ಒಳಗಿನ ಕೋಣೆ ಬಿಟ್ಟು ನಡುಮನೆಯಿಂದ ಕೇಳಿತು. ತಲೆಯಾಡಿಸುತ್ತಿದ್ದಾಗ ಹಿತ್ತಿಲ ಬಾಗಿಲಿನಿಂದ. ಪೂರ್ತಿ ಸುಮ್ಮನಾದ ಮೇಲೆ ಹೆಗಲ ಹತ್ತಿರ. ಕಿವಿಯ ಪಕ್ಕದ ಕೂದಲು ಅಲುಗುತ್ತಿತ್ತು. ಹಸಿ ಸಿಪ್ಪೆಯ ವಾಸನೆಯ ಜೊತೆ ಒಮ್ಮೊಮ್ಮೆ ಕೀವಿನ ವಾಸನೆ. ಸೊಸೆ ಸೆರಗಿನಿಂದ ಕಿವಿ ಒರೆಸಿಕೊಂಡು ಕೆತ್ತುತ್ತಿದ್ದಳು. ಮನುಷ್ಯರಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ, ಹೇಳು?

ಆ ವರ್ಷ ಬಿರುಬೇಸಗೆಯಲ್ಲಿ ಅತ್ತೆ ವಾಂತಿಭೇದಿಯಾಗಿ ಮಲಗಿದಳು. ಗಂಜಿ ನಿಲ್ಲಲಿಲ್ಲ, ಕಷಾಯ ನಿಲ್ಲಲಿಲ್ಲ. ನಿಂತದ್ದು ಎಳನೀರು ಮಾತ್ರ. ಗಂಡ ಪಂಡಿತರನ್ನು ಕರೆತರಲು ಪಕ್ಕದೂರಿಗೆ ಓಡಿದ್ದ. ನೆತ್ತಿಯ ಮೇಲೆ ಸೂರ್ಯ. ಸೊಸೆ ಒಂದರ ಮೇಲೊಂದು ಕೆತ್ತಿ ಚಮಚದಲ್ಲಿ ಕುಡಿಸಿದಳು. ಮನೆಯಲ್ಲಿ ಒಂದೇ ಕಾಯಿ ಉಳಿಯಿತು. ಅತ್ತೆಯ ಕಣ್ಣುಗಳು ಒಳಕ್ಕೆ ಹೋಗಿದ್ದವು. "ನೀರು," ಎಂದಳು ಅತ್ತೆ.

ಸೊಸೆ ಓಡಿಹೋಗಿ ಆ ಕಾಯಿ ಎತ್ತಿಕೊಂಡಳು. ಎತ್ತುವಾಗಲೇ ಅದು ಗುಳುಗುಳು ಎಂದಿತು. ಕೇಳಿಸಿತು. ಇದ್ದದ್ದು ಅದೊಂದೇ, ಪಕ್ಕಕ್ಕಿಟ್ಟು ಏನು ಮಾಡುವುದು? ಕೊರಡು ಅಂಗಳದ ಆ ಕೊನೆಯಲ್ಲಿ ಬಿಸಿಲಲ್ಲಿತ್ತು. ಸಿಂಬಿ ಒಣಗಿತ್ತು. ಒಂದು ಕಾಯಿಗೆ ಅಷ್ಟೆಲ್ಲ ಯಾಕೆ ಎಂದುಕೊಂಡು ಹೊಸ್ತಿಲಲ್ಲೇ ಕುಕ್ಕುರುಗಾಲಲ್ಲಿ ಕುಳಿತಳು. ಕಾಯಿಯನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ಬಲಗೈಯಲ್ಲಿ ಮಚ್ಚು ತೆಗೆದುಕೊಂಡಳು.

ಎರಡು ವರ್ಷದ ರೂಢಿ. ಬಾಯಿ ತಾನಾಗಿ ಕೇಳಿತು: "ಕೈ ಎಲ್ಲಿದೆ?"

ಒಳಗಿನ ಕೋಣೆಯಿಂದ ಉತ್ತರ ಬರಲಿಲ್ಲ. ನಡುಮನೆಯಿಂದ ಬರಲಿಲ್ಲ. ಹೆಗಲ ಹತ್ತಿರವೂ ಯಾರಿರಲಿಲ್ಲ. ಅವಳ ತುಟಿಯೇ ಅಲುಗಿತು. ಅವಳ ಗಂಟಲೇ ಆಡಿತು. ಧ್ವನಿ ಮಾತ್ರ ಅವಳದಾಗಿರಲಿಲ್ಲ.

"ಬೆನ್ನ ಹಿಂದಿದೆ, ಅಕ್ಕ."

ಆ ಮನೆಯಲ್ಲಿ ಅವಳು ಅಕ್ಕ ಎಂದು ಕರೆಯುವವರು ಯಾರೂ ಇರಲಿಲ್ಲ. ಅಷ್ಟು ಹೊಳೆದಿದ್ದರೂ ಸಾಕಿತ್ತು. ಹೊಳೆಯಲಿಲ್ಲ. ತನ್ನ ಬಾಯಿಂದಲೇ ಬಂದ ಮಾತು, ನಂಬಿದಳು. ಕಣ್ಣೆದುರಿಗೆ ತನ್ನ ಎಡಗೈ ಕಾಯಿಯನ್ನು ಹಿಡಿದುಕೊಂಡಿತ್ತು. ಅವಳು ಅದನ್ನು ನೋಡುತ್ತಲೇ ಇದ್ದಳು, ಬೇರೆ ಯಾರದೋ ಕೈ ಎಂಬಂತೆ. ಮಚ್ಚು ಇಳಿಯಿತು, ಬಲಿತ ಸಿಪ್ಪೆಯ ಮೇಲೆ ಜಾರಿತು.

ಹೆಬ್ಬೆರಳೊಂದೇ ಉಳಿಯಿತು.

ಪಂಡಿತರು ಬಂದವರು ಇಬ್ಬರಿಗೂ ಮದ್ದು ಮಾಡಿದರು. ಇಬ್ಬರೂ ಬದುಕಿದರು. ಜ್ವರ ಬಿಟ್ಟ ದಿನ ಸೊಸೆ ತನ್ನ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತುಂಬ ಹೊತ್ತು ಅತ್ತಳು. ಆಮೇಲೆ ಸಿಟ್ಟಾದಳು.

"ಚಿಕ್ಕತ್ತೆ ಸುಳ್ಳು ಹೇಳಿದರು," ಎಂದಳು.

ಅತ್ತೆ ಅವಳ ತಲೆ ಸವರಿದಳು. ಅವಳ ಕಣ್ಣಲ್ಲೂ ನೀರಿತ್ತು. "ಸುಳ್ಳಲ್ಲ ಮಗಳೇ. ಅವಳು ಅವಳ ಕೈ ವಿಷಯ ಹೇಳಿದಳು. ಯಾವತ್ತೂ ಅವಳು ಹೇಳಿದ್ದು ಅದನ್ನೇ."

ಮುಂದೆ ಆ ಓಣಿಯವರಿಗೆ ರೊಟ್ಟಿ ತಟ್ಟುವ ಆ ಜೋಡಿ ಸದ್ದು ಕೇಳಿಸಲಿಲ್ಲ. ಸೊಸೆ ಒಂದೇ ಕೈಯಲ್ಲಿ ಹಲಗೆಯ ಮೇಲೆ ತಟ್ಟಲು ಕಲಿತಳು. ಒಂದೊಂದಾಗಿ, ನಿಧಾನವಾಗಿ. ಗಂಡ ಆ ಹೊತ್ತಿಗೆ ತೋಟದ ಬೇಲಿಯ ಹತ್ತಿರ ನಿಂತಿರುತ್ತಿದ್ದ, ಕರೆಯದ ಹೊರತು ಬರುತ್ತಿರಲಿಲ್ಲ. ಅವನು ಆ ಒಂಟಿ ಸದ್ದನ್ನು ಕೇಳಲಾರದೆ ಹೋದ.

ಅತ್ತೆ ತೀರಿಕೊಂಡಳು. ಸೊಸೆಯೂ ಅತ್ತೆಯಾಗುವ ಕಾಲ ಬಂತು. ಮಗನಿಗೆ ಹೆಣ್ಣು ಗೊತ್ತಾದ ಮರುದಿನವೇ ಅವಳು ಆ ಕೊರಡನ್ನು ಗಾಡಿಗೆ ಏರಿಸಿ ಒಂದು ಮಠಕ್ಕೆ ತಂದಳು. ಇದನ್ನೆಲ್ಲ ಹೇಳಿದವಳು ಅವಳೇ. "ಬರೋ ಹುಡುಗಿಗೆ ಈ ಉತ್ತರ ರೂಢಿಯಾಗಬಾರದು, ಬುದ್ಧಿ. ಕೊರಡು ಒಳ್ಳೇದು, ಸುಡೋಕೆ ಮನಸ್ಸು ಬರಲಿಲ್ಲ. ನೀವು ಇಟ್ಟುಕೊಳ್ಳಿ," ಎಂದಳು. ಮಾತಾಡುವಾಗ ಅವಳ ಎಡಗೈ ಬೆನ್ನ ಹಿಂದೆ ಇತ್ತು. ಹೋಗುವಾಗಲೂ ಹಾಗೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶ ತಾನು ಕುಳಿತದ್ದರ ಮೇಲಿಂದ ತಟ್ಟನೆ ಎದ್ದ. ಗೋಣಿಚೀಲ ಜಾರಿ ಕೆಳಗೆ ಬಿತ್ತು. ಗುಳಿಯ ಅಂಚು ಸವೆದು ನುಣ್ಣಗಾಗಿತ್ತು. ಗೋಣಿಚೀಲ ಒಣಗಿತ್ತು, ಆದರೆ ಅದರ ಕೆಳಗಿದ್ದ ಗುಳಿಯ ತಳ ಒದ್ದೆಯಾಗಿತ್ತು. ಅವನು ಅಂಗಳದ ಸುತ್ತ ನೋಡಿದ. ಅವನೂ ಗುರುಗಳೂ ಬಿಟ್ಟರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಭಕ್ತರು ಬರೋ ಹೊತ್ತಾಯಿತು," ಎಂದರು ಗುರುಗಳು. "ಕೆತ್ತು."

ಅಡವೀಶ ಕೊರಡಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ. ಗೊನೆಯಿಂದ ಒಂದು ಕಾಯಿ ಬಿಡಿಸಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಸದ್ದಿರಲಿಲ್ಲ. ಅದನ್ನು ಗುಳಿಯಲ್ಲಿ ಕೂರಿಸಿದ. ಎರಡು ವರ್ಷದ ರೂಢಿ, ಎಡಗೈ ಕಾಯಿಯ ಮೇಲೆಯೇ ಉಳಿಯಿತು. ಬಲಗೈಯಲ್ಲಿ ಮಚ್ಚು ತೆಗೆದುಕೊಂಡ.

"ಕೈ ಎಲ್ಲಿದೆ?" ಎಂದರು ಗುರುಗಳು.

"ಬೆನ್ನ ಹಿಂದಿದೆ, ಅಕ್ಕ," ಎಂದು ಅಡವೀಶನ ಹೆಗಲ ಹತ್ತಿರ ಒಬ್ಬ ಹೆಂಗಸು ಮೆಲ್ಲಗೆ ಹೇಳಿದಳು.

ಉತ್ತರ ಸಿಕ್ಕಿತೆಂದು ಅವನ ಬಲಗೈ ತನ್ನಷ್ಟಕ್ಕೆ ತಾನೇ ಮಚ್ಚನ್ನು ಮೇಲೆತ್ತಿತು.

"ನಾನು ಕೇಳಿದ್ದು ನಿನ್ನನ್ನ," ಎಂದರು ಗುರುಗಳು.